ಸಿನಿಮಾ ನೋಡಲ್ಲ ಅನ್ನೋದು ಬೇರೆ, ನೋಡೋಕೆ ಬಿಡಲ್ಲ ಅನ್ನೋದು ಬೇರೆ ಅಲ್ವಾ?

ಜಯನಗರ_ಓದುಗ (ಚರ್ಚೆ ಶುರು ಮಾಡಿದವರು)

ಕಮಲ್ ಹಾಸನ್ ಅವರ ತಮಿಳು ಸಿನಿಮಾ ಥಗ್ ಲೈಫ್ ಗಲಾಟೆಯ ಕಾವು ಇಳಿದಿದೆ. ಈಗಲಾದರೂ ಸಮಾಧಾನವಾಗಿ ಮಾತಾಡಬಹುದು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. 2025ರ ಮೇ ತಿಂಗಳಲ್ಲಿ ಚೆನ್ನೈನ ವೇದಿಕೆಯಲ್ಲಿ, ಶಿವಣ್ಣ ಎದುರಿಗೇ ಇದ್ದಾಗ, ಕನ್ನಡ ತಮಿಳಿನಿಂದ ಹುಟ್ಟಿತು ಅಂತ ಕಮಲ್ ಹಾಸನ್ ಹೇಳಿದ್ದು ನನಗೆ ಚೂರೂ ಹಿಡಿಸಲಿಲ್ಲ. ಆ ಮಾತೇ ತಪ್ಪು. ಎರಡೂ ಒಂದೇ ದ್ರಾವಿಡ ಮೂಲದಿಂದ ಕವಲೊಡೆದ ಭಾಷೆಗಳು. ಆ ಸಿನಿಮಾಕ್ಕೆ ನನ್ನ ದುಡ್ಡು ಕೊಡಲ್ಲ ಅಂತ ತೀರ್ಮಾನ ಮಾಡಿದೆ, ಗೆಳೆಯರಿಗೂ ಹೇಳಿದೆ. ಅದು ನನ್ನ ಹಕ್ಕು. ಅದರಲ್ಲಿ ಯಾರಿಗೂ ತಕರಾರು ಇರಬಾರದು.

ಆಮೇಲೆ ಆದದ್ದು ಬೇರೆ. ಕ್ಷಮೆ ಕೇಳದಿದ್ದರೆ ರಾಜ್ಯದಲ್ಲಿ ಬಿಡುಗಡೆ ಇಲ್ಲ ಅಂತ ಚಲನಚಿತ್ರ ವಾಣಿಜ್ಯ ಮಂಡಳಿ ಹೇಳಿತು. ಕನ್ನಡ ಮತ್ತು ಸಂಸ್ಕೃತಿ ಸಚಿವರೇ ಮಂಡಳಿಗೆ ಪತ್ರ ಬರೆದು ಕ್ರಮ ಕೈಗೊಳ್ಳಿ ಅಂದರು. ನಿರ್ಮಾಪಕರು ಹೈಕೋರ್ಟಿಗೆ ಹೋದರೆ ಅಲ್ಲೂ ಜೂನ್ 3ರಂದು ಕ್ಷಮೆ ಕೇಳಬಹುದಿತ್ತಲ್ಲ ಅನ್ನೋ ಮಾತು ಬಂತು. ಜೂನ್ 5ಕ್ಕೆ ಸಿನಿಮಾ ಬೇರೆ ಎಲ್ಲ ಕಡೆ ತೆರೆಗೆ ಬಂತು, ಇಲ್ಲಿ ಬರಲಿಲ್ಲ. ಜೂನ್ 17ಕ್ಕೆ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸೆನ್ಸಾರ್ ಪ್ರಮಾಣಪತ್ರ ಇರುವ ಸಿನಿಮಾ ಬಿಡುಗಡೆಯಾಗಲೇಬೇಕು, ಬೀದಿಯನ್ನು ಗುಂಪುಗಳ ಕೈಗೆ ಕೊಡೋಕಾಗಲ್ಲ. ಎರಡು ದಿನದ ಮೇಲೆ ರಾಜ್ಯ ಸರ್ಕಾರ ರಕ್ಷಣೆ ಕೊಡುತ್ತೇವೆ ಅಂದಿತು, ಪ್ರಕರಣ ಮುಗಿಯಿತು.

ನನ್ನ ಪ್ರಶ್ನೆ ಇಷ್ಟೇ. ಇಲ್ಲಿ ಸರ್ಕಾರ ನಿಷೇಧದ ಆದೇಶ ಹೊರಡಿಸಲಿಲ್ಲ. ಹಾಗಾದರೆ ಇದನ್ನು ಸೆನ್ಸಾರ್ ಅನ್ನಬೇಕೋ, ಬಹಿಷ್ಕಾರ ಅನ್ನಬೇಕೋ? ಗೆರೆ ಎಲ್ಲಿ ಎಳೀತೀರಿ?

---

ಮಂಡ್ಯದ_ಹುಡುಗ

ಬಹಿಷ್ಕಾರ ಅಂತಲೇ ಅನ್ನಬೇಕು ಸರ್. ನಾನು ಕನ್ನಡಪರ ಸಂಘಟನೆಯಲ್ಲಿ ಇದ್ದೇನೆ, ಅದನ್ನು ಮುಚ್ಚಿಡಲ್ಲ. ನಮ್ಮ ಹತ್ತಿರ ಪೊಲೀಸ್ ಇಲ್ಲ, ಕಾನೂನು ಇಲ್ಲ, ದೊಡ್ಡ ಮಾರುಕಟ್ಟೆಯೂ ಇಲ್ಲ. ಇರೋದು ಒಗ್ಗಟ್ಟು ಮಾತ್ರ. 2017ರಲ್ಲಿ ಬಾಹುಬಲಿ 2 ಬಿಡುಗಡೆಗೆ ಮುಂಚೆ ನಾವು ಪಟ್ಟು ಹಿಡಿಯದೇ ಇದ್ದಿದ್ದರೆ, ಕಾವೇರಿ ವಿಷಯದಲ್ಲಿ ಆಡಿದ ಹಳೇ ಮಾತಿಗೆ ಅದರಲ್ಲಿ ನಟಿಸಿದ್ದ ತಮಿಳು ನಟ ಸತ್ಯರಾಜ್ ವಿಷಾದ ವ್ಯಕ್ತಪಡಿಸುತ್ತಿದ್ದರಾ? ಅದಕ್ಕೂ ಮುಂಚೆ ಎಷ್ಟು ವರ್ಷ ಹಾಗೇ ಬಿಟ್ಟಿದ್ದೆವು?

ಮಾತಾಡೋ ಸ್ವಾತಂತ್ರ್ಯ ಅವರಿಗೆ ಇದೆ. ಆ ಮಾತಿಗೆ ಬೆಲೆ ತೆರುವಂತೆ ಮಾಡೋ ಸ್ವಾತಂತ್ರ್ಯ ನಮಗಿಲ್ವಾ? ವಿದೇಶಿ ಬಟ್ಟೆ ಬಹಿಷ್ಕಾರ ಮಾಡಿದ ದೇಶ ನಮ್ಮದು.

---

ಟಾಕೀಸ್_ಮ್ಯಾನೇಜರ್

ನಾನು ದಾವಣಗೆರೆ ಕಡೆಯವನು. ಸಿಂಗಲ್ ಸ್ಕ್ರೀನ್ ಟಾಕೀಸಿನಲ್ಲಿ ಕೆಲಸ. ಯಾವ ಸಿನಿಮಾ, ಯಾವ ಸಂಘಟನೆ, ಯಾವ ವರ್ಷ ಅಂತ ಹೇಳಲ್ಲ. ಆದರೆ ನಡೆದದ್ದು ಹೇಳುತ್ತೇನೆ, ನೀವೇ ಹೆಸರಿಡಿ.

ಗುರುವಾರ ಸಂಜೆ ಹತ್ತು ಹನ್ನೆರಡು ಜನ ಬಂದರು. ಒಳ್ಳೆ ಮಾತಿನಲ್ಲೇ ಶುರು ಮಾಡಿದರು. ಒಬ್ಬ ಗೇಟಿನ ಪಕ್ಕದ ಗಾಜಿನ ಪೋಸ್ಟರ್ ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, "ಇದು ಎಷ್ಟಾಗುತ್ತೆ ಅಣ್ಣಾ ಹೊಸದು ಹಾಕಿಸೋಕೆ?" ಅಂತ ಕೇಳಿದ. ಅಷ್ಟೇ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಅವರು ಹೋದ ಮೇಲೆ ಮಾಲೀಕರು ಠಾಣೆಗೆ ಫೋನ್ ಮಾಡಿದರು. ಅಲ್ಲಿಂದ ಬಂದ ಉತ್ತರ: "ಸುಮ್ನೆ ಯಾಕೆ ರಿಸ್ಕು, ಎರಡು ದಿನ ನಿಲ್ಲಿಸಿಬಿಡಿ. ಆಮೇಲೆ ನೋಡೋಣ."

ಬೆಳಗ್ಗೆ ಬುಕಿಂಗ್ ಕೌಂಟರಿನ ಮೇಲೆ ನಾನೇ ಚೀಟಿ ಅಂಟಿಸಿದೆ. "ತಾಂತ್ರಿಕ ಕಾರಣದಿಂದ ಪ್ರದರ್ಶನ ಇರುವುದಿಲ್ಲ." ಪ್ರೊಜೆಕ್ಟರ್ ಚೆನ್ನಾಗೇ ಇತ್ತು. ಡಿಸ್ಟ್ರಿಬ್ಯೂಟರ್ ಕಡೆಯಿಂದ ಸಿನಿಮಾ ಸರ್ವರಿಗೆ ಲೋಡ್ ಕೂಡ ಆಗಿತ್ತು. ಮ್ಯಾಟ್ನಿಗೆ ಬಂದ ಜನ ಚೀಟಿ ಓದಿ ವಾಪಸ್ ಹೋದರು. ಅವತ್ತಿನ ಕಲೆಕ್ಷನ್ ಹೋಯಿತು, ಕ್ಯಾಂಟೀನಿನವನದ್ದೂ ಹೋಯಿತು, ಸೈಕಲ್ ಸ್ಟ್ಯಾಂಡಿನವನದ್ದೂ ಹೋಯಿತು.

ಈಗ ಹೇಳಿ, ನಿಲ್ಲಿಸಿದ್ದು ಯಾರು? ಕಾಗದದ ಪ್ರಕಾರ ನಾನು.

---

ಹಾಸನದ_ಟೀಚರ್

ಟಾಕೀಸ್ ಅಣ್ಣಾ, ನಿಮ್ಮ ಆ ಚೀಟಿ ಈ ಇಡೀ ಚರ್ಚೆಯ ಉತ್ತರ ಅನ್ನಿಸಿತು ನನಗೆ.

---

ವಕೀಲೆ_ಧಾರವಾಡ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಸಂವಿಧಾನದ 19(1)(ಎ) ಕೊಡುವ ವಾಕ್ ಸ್ವಾತಂತ್ರ್ಯದ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಇರುವ ಹಕ್ಕು. ಅದನ್ನು ಕಡಿಮೆ ಮಾಡಬೇಕಾದರೆ ಸರ್ಕಾರಕ್ಕೆ ಕಾನೂನು ಬೇಕು, ಆ ಕಾನೂನು 19(2)ರ ಪಟ್ಟಿಯೊಳಗೆ ಬರಬೇಕು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ, ಮಾನಹಾನಿ, ನ್ಯಾಯಾಂಗ ನಿಂದನೆ, ಅಪರಾಧಕ್ಕೆ ಪ್ರಚೋದನೆ, ಹೀಗೆ. "ನಮಗೆ ನೋವಾಯಿತು" ಅನ್ನೋದು ಆ ಪಟ್ಟಿಯಲ್ಲಿ ಇಲ್ಲ.

ಪಕ್ಕಾ ಸರ್ಕಾರಿ ನಿಷೇಧ ಹೇಗಿರುತ್ತೆ ಅಂತ ನೋಡಬೇಕಾದರೆ ನಮ್ಮಲ್ಲೇ ಉದಾಹರಣೆ ಇದೆ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು 1997ರಲ್ಲಿ ರಾಜ್ಯ ಸರ್ಕಾರ ದಂಡ ಪ್ರಕ್ರಿಯಾ ಸಂಹಿತೆಯ 95ನೇ ಕಲಂ ಬಳಸಿ ಮುಟ್ಟುಗೋಲು ಹಾಕಿತು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ತೀರ್ಪು ಸರಿ ಅಂತ ನನಗೆ ಇವತ್ತಿಗೂ ಅನ್ನಿಸಲ್ಲ. ಆದರೆ ಒಂದು ಗಮನಿಸಿ. ಅಲ್ಲಿ ಆದೇಶ ಇತ್ತು, ಸಹಿ ಇತ್ತು, ಕಾರಣ ಬರೆದಿತ್ತು. ಅದನ್ನು ಹಿಡ್ಕೊಂಡು ಕೋರ್ಟಿಗೆ ಹೋಗೋಕೆ ದಾರಿ ಇತ್ತು.

ಟಾಕೀಸಿನವರ ಕೈಯಲ್ಲಿ ಏನಿದೆ? ಅವರೇ ಬರೆದ ಚೀಟಿ. ಅದನ್ನು ಯಾವ ಕೋರ್ಟಿನಲ್ಲಿ ಪ್ರಶ್ನೆ ಮಾಡೋದು? ಅದಕ್ಕೇ ನನಗೆ ಬರವಣಿಗೆಯ ನಿಷೇಧಕ್ಕಿಂತ ಬಾಯಿಮಾತಿನ ನಿಷೇಧದ ಬಗ್ಗೆ ಹೆಚ್ಚು ಭಯ.

ನಮ್ಮ ರಾಜ್ಯದ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ, ಶಾಂತಿಭಂಗ ಆಗುವ ಹಾಗಿದ್ದರೆ ಜಿಲ್ಲಾ ಮ್ಯಾಜಿಸ್ಟ್ರೇಟರು ಪ್ರದರ್ಶನ ತಡೆಯಬಹುದು. ಆದರೆ ಅದು ಆದೇಶದ ಮೂಲಕ ಆಗಬೇಕು. ಠಾಣೆಯಿಂದ ಫೋನಿನಲ್ಲಿ "ನಿಲ್ಲಿಸಿಬಿಡಿ" ಅನ್ನೋ ಅಧಿಕಾರ ಯಾರಿಗೂ ಕೊಟ್ಟಿಲ್ಲ.

---

ಮಂಡ್ಯದ_ಹುಡುಗ

ಮೇಡಂ, ಟಾಕೀಸಿನವರ ಅನುಭವ ಓದಿ ನನಗೂ ಬೇಜಾರಾಯಿತು. ಗಾಜು ತಟ್ಟೋದನ್ನು ನಾನು ಸಮರ್ಥಿಸಲ್ಲ. ಆದರೆ ವಾಣಿಜ್ಯ ಮಂಡಳಿಯನ್ನು ಅದಕ್ಕೆ ಸೇರಿಸಬೇಡಿ. ಅದು ನಿರ್ಮಾಪಕರು, ವಿತರಕರು, ಪ್ರದರ್ಶಕರು ಸೇರಿ ಮಾಡಿಕೊಂಡ ಖಾಸಗಿ ಸಂಸ್ಥೆ. ಅವರ ವ್ಯಾಪಾರ, ಅವರ ನಿರ್ಧಾರ. ಒಬ್ಬ ಅಂಗಡಿಯವನು ಈ ಕಂಪನಿ ಮಾಲು ಇಡಲ್ಲ ಅಂದರೆ ನೀವು ಕೇಸ್ ಹಾಕ್ತೀರಾ?

---

ಜಯನಗರ_ಓದುಗ

ಒಬ್ಬ ಅಂಗಡಿಯವನು ಇಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತೇನೆ. ಇಡೀ ರಾಜ್ಯದ ಅಂಗಡಿಗಳ ಸಂಘ ಸೇರಿ ಯಾರೂ ಇಡಕೂಡದು ಅಂದರೆ ಎಲ್ಲಿಗೆ ಹೋಗಲಿ?

ಡಬ್ಬಿಂಗ್ ವಿಷಯ ನೆನಪಿಸಿಕೊಳ್ಳಿ. ದಶಕಗಟ್ಟಲೆ ಕನ್ನಡಕ್ಕೆ ಡಬ್ ಆದ ಸಿನಿಮಾ ಬರದ ಹಾಗೆ ನಮ್ಮ ಉದ್ಯಮದವರೇ ತಡೆದರು. ಸರ್ಕಾರದ ಒಂದು ಕಾನೂನೂ ಇರಲಿಲ್ಲ. ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ನಮ್ಮ ಹಳ್ಳಿಯ ಜನ, ಮಕ್ಕಳು, ಹೊರಗಿನ ಒಳ್ಳೆ ಸಿನಿಮಾಗಳನ್ನು ತಮ್ಮ ಭಾಷೆಯಲ್ಲಿ ನೋಡೋಕೆ ಆಗಲಿಲ್ಲ. ನಷ್ಟ ಆಗಿದ್ದು ಕನ್ನಡಕ್ಕೇ. ತಮಿಳು, ತೆಲುಗು, ಹಿಂದಿಯಲ್ಲೇ ನೋಡಿ ನೋಡಿ ಆ ಭಾಷೆಗಳಿಗೇ ಜನ ಒಗ್ಗಿಹೋದರು.

ಕೊನೆಗೆ ಕನ್ನಡ ಗ್ರಾಹಕರ ಕೂಟ ದೂರು ಕೊಟ್ಟಿತು. 2015ರಲ್ಲಿ, ಮಾರುಕಟ್ಟೆಯಲ್ಲಿ ಪೈಪೋಟಿಗೆ ಅಡ್ಡಿಯಾಗದ ಹಾಗೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ವಾಣಿಜ್ಯ ಮಂಡಳಿಗೆ ದಂಡ ಹಾಕಿತು. ದೂರು ಕೊಟ್ಟವರೂ ಕನ್ನಡಿಗರೇ, ಕನ್ನಡದಲ್ಲಿ ನೋಡುವ ಹಕ್ಕಿಗಾಗಿಯೇ ಕೊಟ್ಟಿದ್ದು. ಆದ್ದರಿಂದ ಖಾಸಗಿ ಸಂಸ್ಥೆ ಏನು ಬೇಕಾದರೂ ಮಾಡಬಹುದು ಅನ್ನೋ ಮಾತು ಕಾನೂನಿನಲ್ಲೂ ನಿಲ್ಲಲ್ಲ.

---

ವಕೀಲೆ_ಧಾರವಾಡ

ಹೌದು. ಬಂಗಾಳಿಗೆ ಡಬ್ ಆದ ಧಾರಾವಾಹಿಯನ್ನು ಅಲ್ಲಿನ ಕಲಾವಿದರು ಮತ್ತು ತಂತ್ರಜ್ಞರ ಸಂಘಟನೆ ತಡೆಯೋಕೆ ಹೋದಾಗಲೂ 2017ರಲ್ಲಿ ಸುಪ್ರೀಂ ಕೋರ್ಟ್ ಸ್ಪರ್ಧಾ ಆಯೋಗದ ಪರವಾಗಿಯೇ ತೀರ್ಪು ಕೊಟ್ಟಿತು. ಸಂಘ ಕಟ್ಟಿಕೊಳ್ಳಿ, ಪ್ರತಿಭಟನೆ ಮಾಡಿ. ಮಾರುಕಟ್ಟೆಯ ಬಾಗಿಲನ್ನೇ ಒಟ್ಟಾಗಿ ಮುಚ್ಚಬೇಡಿ ಅಂತ ಅದರ ಸಾರ.

ಇದು ವಾಕ್ ಸ್ವಾತಂತ್ರ್ಯದ ಕಾನೂನು ಅಲ್ಲ, ಸ್ಪರ್ಧೆಯ ಕಾನೂನು. ಆದರೆ ಸಿನಿಮಾ, ಪುಸ್ತಕದಂಥ ಕಡೆ ಎರಡೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ.

---

ಡೆಟ್ರಾಯಿಟ್_ಕನ್ನಡತಿ

ಈ ಕಡೆಯದ್ದೂ ಸ್ವಲ್ಪ ಹೇಳಲಾ? ಅಮೆರಿಕದ ಕೋರ್ಟುಗಳು ಇದೇ ಪ್ರಶ್ನೆಯನ್ನು ಎರಡು ಕಡೆಯಿಂದ ನೋಡಿವೆ.

ಮಂಡ್ಯದ ತಮ್ಮನಿಗೆ ಇಷ್ಟವಾಗೋದು ಮೊದಲು. 1966ರಲ್ಲಿ ಮಿಸಿಸಿಪ್ಪಿಯ ಪೋರ್ಟ್ ಗಿಬ್ಸನ್ ಅನ್ನೋ ಊರಿನಲ್ಲಿ ಕಪ್ಪು ಜನ ಬಿಳಿಯರ ಅಂಗಡಿಗಳಿಗೆ ಹೋಗೋದನ್ನು ನಿಲ್ಲಿಸಿದರು. ಕಾರ್ಯಕರ್ತರು ಅಂಗಡಿಗಳ ಹೊರಗೆ ನಿಂತು, ಬಹಿಷ್ಕಾರ ಮುರಿದು ಒಳಗೆ ಹೋದವರ ಹೆಸರು ಬರೆದುಕೊಳ್ಳುತ್ತಿದ್ದರು. ಆ ಹೆಸರುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ಅಂಗಡಿಯವರು ನಷ್ಟ ಪರಿಹಾರಕ್ಕೆ ಕೇಸ್ ಹಾಕಿದರು. 1982ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು: ಹಿಂಸೆ ಇಲ್ಲದ ಬಹಿಷ್ಕಾರವೇ ವಾಕ್ ಸ್ವಾತಂತ್ರ್ಯ. ಜನರಿಗೆ ಮುಜುಗರವಾಗುತ್ತೆ, ಒತ್ತಡವಾಗುತ್ತೆ ಅನ್ನೋ ಕಾರಣಕ್ಕೆ ಆ ರಕ್ಷಣೆ ಹೋಗಲ್ಲ. ಹಿಂಸೆಗೆ ಮಾತ್ರ ರಕ್ಷಣೆ ಇಲ್ಲ.

ಎರಡನೆಯದು 2024ರದ್ದು. ನ್ಯೂಯಾರ್ಕಿನ ಒಬ್ಬ ಅಧಿಕಾರಿ, ಬಂದೂಕು ಪರ ಸಂಘಟನೆಯೊಂದರ ಜೊತೆ ವ್ಯವಹಾರ ಬಿಡಿ ಅಂತ ವಿಮಾ ಕಂಪನಿಗಳ ಮೇಲೆ ಒತ್ತಡ ಹಾಕಿದರು ಅನ್ನೋ ಆರೋಪ. ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದರು: ಸರ್ಕಾರ ತಾನು ನೇರವಾಗಿ ಮಾಡಬಾರದ್ದನ್ನು ಖಾಸಗಿಯವರ ಕೈಯಿಂದ ಮಾಡಿಸಬಾರದು. ಆ ಸಂಘಟನೆಯ ವಿಚಾರ ನನಗೆ ಸುತಾರಾಂ ಒಪ್ಪಿಗೆ ಇಲ್ಲ. ತೀರ್ಪು ಮಾತ್ರ ಸರಿ.

2025ರ ಸೆಪ್ಟೆಂಬರಿನಲ್ಲಿ ಟೀವಿ ಹಾಸ್ಯಗಾರ ಜಿಮ್ಮಿ ಕಿಮ್ಮೆಲ್ ಕಾರ್ಯಕ್ರಮ ನಿಂತಾಗ ಎರಡೂ ಒಟ್ಟಿಗೆ ಕಣ್ಣ ಮುಂದೆಯೇ ನಡೆಯಿತು. ಪ್ರಸಾರ ನಿಯಂತ್ರಣ ಆಯೋಗದ ಮುಖ್ಯಸ್ಥರು ಎಚ್ಚರಿಕೆಯ ಮಾತಾಡಿದರು, ಅದೇ ದಿನ ಚಾನೆಲ್ ಕಾರ್ಯಕ್ರಮ ನಿಲ್ಲಿಸಿತು. ಅದನ್ನು ಖಂಡಿಸಿ ಸಾಮಾನ್ಯ ಜನ ಆ ಚಾನೆಲ್‌ನ ಮಾಲೀಕ ಕಂಪನಿ ಡಿಸ್ನಿಯ ಚಂದಾ ರದ್ದು ಮಾಡಿದರು. ಒಂದು ವಾರದೊಳಗೆ ಕಾರ್ಯಕ್ರಮ ವಾಪಸ್ ಬಂತು. ಚಂದಾ ರದ್ದು ಮಾಡಿದ್ದು ಬಹಿಷ್ಕಾರ. ಲೈಸೆನ್ಸ್ ಕೊಡುವವನು ಬಾಯಿ ಬಿಟ್ಟಿದ್ದು ಬಹಿಷ್ಕಾರ ಅಲ್ಲ.

---

ಜಯನಗರ_ಓದುಗ

ಮೇಡಂ, ನೀವು ಹೇಳಿದ ಎರಡನೆಯ ಪ್ರಕರಣಕ್ಕೆ ನಮ್ಮಲ್ಲೂ ಜೋಡಿ ಇದೆ. 2019ರ ಫೆಬ್ರವರಿಯಲ್ಲಿ ಕೋಲ್ಕತ್ತಾದಲ್ಲಿ 'ಭೋಬಿಷ್ಯೋತೇರ್ ಭೂತ್' ಅನ್ನೋ ಸಿನಿಮಾ ತೆರೆಗೆ ಬಂದ ಮರುದಿನವೇ ಹೆಚ್ಚುಕಡಿಮೆ ಎಲ್ಲ ಟಾಕೀಸುಗಳಿಂದ ಮಾಯವಾಯಿತು. ಆದೇಶ ಇಲ್ಲ. "ಮೇಲಿನವರು ಹೇಳಿದ್ದಾರೆ" ಅಷ್ಟೇ. ಸುಪ್ರೀಂ ಕೋರ್ಟ್ ಪಶ್ಚಿಮ ಬಂಗಾಳ ಸರ್ಕಾರಕ್ಕೆ 20 ಲಕ್ಷ ರೂಪಾಯಿ ಪರಿಹಾರ ಕೊಡಿ ಅಂದಿತು.

ಅದಕ್ಕೇ ಥಗ್ ಲೈಫ್ ವಿಷಯದಲ್ಲಿ ಸಚಿವರು ಮಂಡಳಿಗೆ ಬರೆದ ಪತ್ರ ನನಗೆ ಇವತ್ತಿಗೂ ಚುಚ್ಚುತ್ತದೆ. ಮಂತ್ರಿಗಳು ಕಮಲ್ ಮಾತನ್ನು ಖಂಡಿಸಲಿ, ಪತ್ರಿಕಾಗೋಷ್ಠಿ ಮಾಡಲಿ, ಹಲ್ಮಿಡಿ ಶಾಸನದ ಬಗ್ಗೆ ಒಂದು ಗಂಟೆ ಮಾತಾಡಲಿ. ಸಂತೋಷ. ಆದರೆ ಸರ್ಕಾರದ ಕುರ್ಚಿಯಲ್ಲಿ ಕೂತು ಖಾಸಗಿ ಸಂಸ್ಥೆಗೆ ಕ್ರಮ ಕೈಗೊಳ್ಳಿ ಅಂದ ಕ್ಷಣವೇ ಅದು ಬಹಿಷ್ಕಾರವಾಗಿ ಉಳಿಯಲ್ಲ.

---

ಮಂಡ್ಯದ_ಹುಡುಗ

ಪತ್ರದ ವಿಷಯ ಒಪ್ಪುತ್ತೇನೆ. ಸರ್ಕಾರ ಮಧ್ಯೆ ಬರೋದು ನಮಗೂ ಬೇಡ. ನಾಳೆ ಅದೇ ಸರ್ಕಾರ ನಮ್ಮ ಹೋರಾಟದ ಮೇಲೂ ಪತ್ರ ಬರೆಯುತ್ತೆ.

ಆದರೆ ನೀವೆಲ್ಲ ಒಂದು ಮರೀತಿದ್ದೀರಿ. ಡೆಟ್ರಾಯಿಟ್ ಅಕ್ಕ ಹೇಳಿದ ಚಂದಾ ರದ್ದು ಮಾಡೋ ಶಕ್ತಿ ದೊಡ್ಡ ಮಾರುಕಟ್ಟೆಗೆ ಇದೆ. ಕರ್ನಾಟಕದ ಕಲೆಕ್ಷನ್ ಹೋದರೆ ಹೋಗಲಿ ಬಿಡು ಅನ್ನೋ ನಿರ್ಮಾಪಕನಿಗೆ ನಾನೊಬ್ಬ ಟಿಕೆಟ್ ತಗೊಳ್ಳದೇ ಇದ್ದರೆ ಏನು ತಾಗುತ್ತೆ? ಬೆಂಗಳೂರಿನಲ್ಲಿ ಪರಭಾಷೆ ಸಿನಿಮಾ ಹೌಸ್‌ಫುಲ್ ಮಾಡೋರೇ ಬೇರೆ ಜನ. ನನ್ನ ಬಹಿಷ್ಕಾರ ಅಲ್ಲಿ ಲೆಕ್ಕಕ್ಕೇ ಬರಲ್ಲ. ಹಾಗಾದರೆ ನನ್ನ ಭಾಷೆಯ ಮರ್ಯಾದೆಗೆ ನಾನೇನು ಮಾಡಲಿ?

---

ಹಾಸನದ_ಟೀಚರ್

ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಪಕ್ಕದ ಮನೆಯವನು ಸಿನಿಮಾಕ್ಕೆ ಹೋದ ಅಂತ ನಿಮ್ಮ ಬಹಿಷ್ಕಾರ ಸೋತಿತು ಅಂದರೆ, ಅವನ ಮನಸ್ಸು ಗೆಲ್ಲಬೇಕೇ ಹೊರತು ಅವನ ದಾರಿ ಮುಚ್ಚಬಾರದು.

ನಮ್ಮೂರಿನ ವಿಷಯ ಹೇಳುತ್ತೇನೆ. ಬಾನು ಮುಷ್ತಾಕ್ ಅವರಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಎಲ್ಲರೂ ಸಂಭ್ರಮಿಸಿದೆವು. ಹೆಣ್ಣುಮಕ್ಕಳಿಗೆ ಮಸೀದಿಯೊಳಗೆ ಹೋಗುವ ಹಕ್ಕು ಬೇಕು ಅಂದದ್ದಕ್ಕೆ 2000ನೇ ಇಸವಿಯಲ್ಲಿ ಅದೇ ಬಾನು ಅವರ ಮೇಲೆ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಹೇರಿದ್ದರು. ಅಲ್ಲಿ ಸರ್ಕಾರ ಇರಲಿಲ್ಲ. ಪೊಲೀಸ್ ಇರಲಿಲ್ಲ. ಪೂರ್ತಿ ಖಾಸಗಿ. ಆದರೂ ಅದನ್ನು "ಜನರ ಆಯ್ಕೆ" ಅಂತ ಬಿಟ್ಟುಬಿಡೋಕೆ ಆಗುತ್ತಾ? ಯಾರ ಜೊತೆ ಮಾತಾಡಬೇಕು, ಯಾರ ಮನೆಗೆ ಹೋಗಬೇಕು ಅನ್ನೋದನ್ನು ಒಂದು ಗುಂಪು ಎಲ್ಲರ ಪರವಾಗಿ ತೀರ್ಮಾನ ಮಾಡುತ್ತೆ. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಕಾನೂನನ್ನೇ ಮಾಡಿತು. ಜಾತಿ ಪಂಚಾಯಿತಿಗಳ ಕಾಟ ಅಷ್ಟಿತ್ತು.

ಒಂದು ಸರಕು ಬೇಡ ಅನ್ನೋದಕ್ಕೂ ಒಬ್ಬ ಮನುಷ್ಯಳಿಗೆ ಊರೇ ಬೆನ್ನು ತಿರುಗಿಸೋದಕ್ಕೂ ನಾನು ತುಂಬ ದೂರ ಇಡುತ್ತೇನೆ. ಸಿನಿಮಾ ಬೇಡ ಅಂದರೆ ನಿರ್ಮಾಪಕನಿಗೆ ದುಡ್ಡು ಹೋಗುತ್ತೆ. ಊರೇ ಬೇಡ ಅಂದರೆ ಬದುಕೋದು ಹೇಗೆ?

---

ವಕೀಲೆ_ಧಾರವಾಡ

ಟೀಚರ್ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, 19 ಮತ್ತು 21ನೇ ವಿಧಿಯ ಹಕ್ಕುಗಳನ್ನು, ಅಂದರೆ ಮಾತಿನಂಥ ಸ್ವಾತಂತ್ರ್ಯ ಮತ್ತು ಬದುಕಿನ ಹಕ್ಕನ್ನು, ಖಾಸಗಿಯವರ ವಿರುದ್ಧವೂ ಕೇಳಬಹುದು ಅಂತ ಬಹುಮತದಿಂದ ಹೇಳಿತು. ಈ ಅಂಶದಲ್ಲಿ ನಮ್ಮ ರಾಜ್ಯದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಬೇರೆ ಅಭಿಪ್ರಾಯ ಬರೆದರು. ನನಗೆ ಅವರ ಹಿಂಜರಿಕೆಯಲ್ಲೂ ಅರ್ಥ ಕಾಣುತ್ತೆ. ಪ್ರತಿಯೊಂದು ಖಾಸಗಿ ನಿರ್ಧಾರವನ್ನೂ ಕೋರ್ಟಿಗೆ ಎಳೆದರೆ, ಮಂಡ್ಯದ ಹುಡುಗ ಟಿಕೆಟ್ ಯಾಕೆ ತಗೊಳ್ಳಲಿಲ್ಲ ಅಂತಲೂ ನಾಳೆ ಯಾರಾದರೂ ಕೇಳ್ತಾರೆ.

ಅದಕ್ಕೇ ನಾನು ಹಳೇ ತೀರ್ಪಿಗೇ ಅಂಟಿಕೊಳ್ಳುತ್ತೇನೆ. 1989ರ ರಂಗರಾಜನ್ ಪ್ರಕರಣ. ಮೀಸಲಾತಿ ಕುರಿತ ತಮಿಳು ಸಿನಿಮಾ, ತಮಿಳುನಾಡಿನಲ್ಲೇ ವಿರೋಧ. ಗಲಾಟೆ ಆಗುತ್ತೆ ಅಂತ ಸರ್ಕಾರ ಹೇಳಿತು. ಕೋರ್ಟ್ ಒಪ್ಪಲಿಲ್ಲ. ಪ್ರತಿಭಟನೆಯ, ಹಿಂಸೆಯ ಬೆದರಿಕೆಗೆ ಹೆದರಿ ಮಾತನ್ನು ಅದುಮಿದರೆ ಅದು ಬ್ಲ್ಯಾಕ್‌ಮೇಲಿಗೆ ಶರಣಾದ ಹಾಗೆ ಅಂದಿತು. ಆ ಸ್ವಾತಂತ್ರ್ಯವನ್ನು ಕಾಪಾಡುವುದು ಸರ್ಕಾರದ ಹೊಣೆ, ನನ್ನಿಂದ ಆಗಲ್ಲ ಅನ್ನುವ ಹಾಗಿಲ್ಲ.

ಆದರೂ 2021ರ ನವೆಂಬರಿನಲ್ಲಿ ನಮ್ಮ ಬೆಂಗಳೂರಿನಲ್ಲಿ ಏನಾಯಿತು? ಹಾಸ್ಯಗಾರ ಮುನವ್ವರ್ ಫಾರೂಕಿ ಕಾರ್ಯಕ್ರಮಕ್ಕೆ ವಿರೋಧ ಬಂತು. ಪೊಲೀಸರು ವಿರೋಧಿಸಿದವರನ್ನು ನಿಭಾಯಿಸುವ ಬದಲು ಕಾರ್ಯಕ್ರಮ ರದ್ದು ಮಾಡಿ ಅಂತ ಆಯೋಜಕರಿಗೇ ಬರೆದರು. ಟಿಕೆಟ್ ತಗೊಂಡಿದ್ದವರ ತಪ್ಪು ಏನಿತ್ತು? ಕಾನೂನು ಮುರೀತೀನಿ ಅಂದವನು ಗೆದ್ದ, ಕಾನೂನಿನ ಪ್ರಕಾರ ನಡೆದವನು ಸೋತ.

---

ಟಾಕೀಸ್_ಮ್ಯಾನೇಜರ್

ಮೇಡಂ, ಇದೆಲ್ಲ ದೊಡ್ಡ ಕೋರ್ಟಿನ ಮಾತಾಯಿತು. ಥಗ್ ಲೈಫ್ ತೀರ್ಪು ಬರೋ ಹೊತ್ತಿಗೆ ಮೊದಲ ವಾರ ಮುಗಿದಿತ್ತು. ನಮ್ಮ ವ್ಯಾಪಾರ ಇರೋದೇ ಶುಕ್ರವಾರ, ಶನಿವಾರ, ಭಾನುವಾರ. ಸೋಮವಾರ ಸಿಗೋ ನ್ಯಾಯದಿಂದ ನಮಗೆ ಕರೆಂಟ್ ಬಿಲ್ ಕೂಡ ಕಟ್ಟೋಕಾಗಲ್ಲ.

ಮುಂದಿನ ಸಲ ಗುರುವಾರ ಸಂಜೆ ಅದೇ ಜನ ಬಂದರೆ ನಾನು ಏನು ಮಾಡಲಿ? ಅದನ್ನು ಹೇಳಿ.

---

ವಕೀಲೆ_ಧಾರವಾಡ

ಸರಿಯಾದ ಪ್ರಶ್ನೆ ಅಣ್ಣಾ. ಫೋನ್ ಮಾಡಬೇಡಿ, ಬರೆದು ಕೊಡಿ. "ಇಂಥ ದಿನ, ಇಂಥ ಸಮಯಕ್ಕೆ ಇಷ್ಟು ಜನ ಬಂದಿದ್ದರು, ಹೀಗೆ ಹೇಳಿದರು, ನಾಳೆಯ ಪ್ರದರ್ಶನಕ್ಕೆ ರಕ್ಷಣೆ ಬೇಕು" ಅಂತ. ಠಾಣೆಯಲ್ಲಿ ಸ್ವೀಕೃತಿ ತಗೊಳ್ಳಿ, ಒಂದು ಪ್ರತಿ ಎಸ್ಪಿ ಕಚೇರಿಗೆ ಕಳಿಸಿ. ಗೇಟಿನ ಕ್ಯಾಮೆರಾದ ದೃಶ್ಯ ಅಳಿಸಿಹೋಗದ ಹಾಗೆ ತೆಗೆದಿಡಿ. ನಿಲ್ಲಿಸಿ ಅಂದರೆ, ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶದ ಪ್ರತಿ ಕೊಡಿ ಅಂತ ವಿನಯವಾಗಿ ಕೇಳಿ. ಹಾಗೆ ಕೇಳಿದರೆ ಬಾಯಿಮಾತಿನಲ್ಲೇ ಮುಗಿಸೋದು ಅವರಿಗೂ ಸುಲಭವಾಗಲ್ಲ.

2018ರ ಅಕ್ಟೋಬರಿನಲ್ಲಿ ಕೊಡುಂಗಲ್ಲೂರು ಫಿಲಂ ಸೊಸೈಟಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಇಂಥ ದಾಳಿಗಳಾದಾಗ ಕರೆ ಕೊಟ್ಟ ಮುಖಂಡರೂ ಹೊಣೆ ಅಂತ ಮಾರ್ಗಸೂಚಿ ಕೊಟ್ಟಿದೆ. ಅರ್ಜಿಯಲ್ಲಿ ಅದನ್ನೂ ಬರೆಯಿರಿ.

ಇನ್ನೊಂದು. ನಿಲ್ಲಿಸಲೇಬೇಕಾಗಿ ಬಂದರೂ ಚೀಟಿಯಲ್ಲಿ "ತಾಂತ್ರಿಕ ಕಾರಣ" ಅಂತ ಬರೆಯಬೇಡಿ. ನಡೆದದ್ದನ್ನು ಬರೆಯಿರಿ. ನಾಳೆ ಕೋರ್ಟಿನಲ್ಲಿ ನಿಮ್ಮದೇ ಕೈಬರಹ ನಿಮ್ಮ ವಿರುದ್ಧ ನಿಲ್ಲಬಾರದು.

---

ಟಾಕೀಸ್_ಮ್ಯಾನೇಜರ್

ಮಾಲೀಕರಿಗೆ ತೋರಿಸುತ್ತೇನೆ. ಧೈರ್ಯ ಮಾಡ್ತಾರಾ ಗೊತ್ತಿಲ್ಲ. ಟಾಕೀಸು ಅವರದ್ದು, ಗಾಜೂ ಅವರದ್ದು.

ಮಂಡ್ಯದ ತಮ್ಮಾ, ನಿನಗೂ ಒಂದು ಮಾತು. ನಮ್ಮ ಗೇಟಿನ ಹೊರಗೆ ಬೋರ್ಡ್ ಹಿಡ್ಕೊಂಡು ನಿಂತ್ಕೋ. ಘೋಷಣೆ ಕೂಗು. ಕರಪತ್ರ ಹಂಚು. ನೀರು ಬೇಕಾದರೆ ನಾನೇ ಕೊಡ್ತೀನಿ. ಕೌಂಟರಿಗೆ ಬರೋ ದಾರಿ ಮಾತ್ರ ಬಿಡಬೇಕು.

---

ಮಂಡ್ಯದ_ಹುಡುಗ

ದಾರಿ ಬಿಡ್ತೀವಿ ಅಣ್ಣಾ. ಆದರೆ ಕೌಂಟರಿಗೆ ಹೋಗೋ ಒಬ್ಬೊಬ್ಬರನ್ನೂ ನಿಲ್ಲಿಸಿ ಯಾಕೆ ನೋಡಬಾರದು ಅಂತ ಹೇಳಿಯೇ ಹೇಳ್ತೀವಿ. ಅದನ್ನು ಬಿಡಲ್ಲ.

ನಮ್ಮ ಸಂಘಟನೆಯಲ್ಲಿ ಇದನ್ನು ಒಪ್ಪಿಸೋದು ಸುಲಭ ಇಲ್ಲ. ಗಾಜು ಒಡೆದರೆ ಟೀವಿಯವರು ಬರ್ತಾರೆ, ಕರಪತ್ರ ಹಂಚಿದರೆ ಯಾರೂ ಬರಲ್ಲ. ಮುಂದಿನ ಸಭೆಯಲ್ಲಿ ಎತ್ತುತ್ತೇನೆ. ವಕೀಲ ಮೇಡಂ, ಡಬ್ಬಿಂಗ್ ಆದೇಶ ಮತ್ತು ಆ ಕೊಡುಂಗಲ್ಲೂರು ತೀರ್ಪು ಕನ್ನಡದಲ್ಲಿ ಎಲ್ಲಾದರೂ ಸಿಗುತ್ತಾ? ನಮ್ಮವರಿಗೆ ಓದಿ ಹೇಳಬೇಕು.

---

ವಕೀಲೆ_ಧಾರವಾಡ

ಎರಡರ ಮುಖ್ಯ ಭಾಗವನ್ನೂ ನಾನೇ ಕನ್ನಡಕ್ಕೆ ಮಾಡಿ ಭಾನುವಾರ ಇಲ್ಲೇ ಹಾಕುತ್ತೇನೆ. ರಂಗರಾಜನ್ ತೀರ್ಪಿನ ಎರಡು ಪ್ಯಾರಾ ಕೂಡ.